ಅಡುಗೆಯ ಕಸ್ತೂರೆವ್ವ ನಿಮ್ಮ ಮುಚ್ಚಳಿಕೆಗೆ ಸಹಿ ಮಾಡುವುದಿಲ್ಲ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಈ ನಾಲ್ಕೂ ತಾಲ್ಲೂಕುಗಳ ಮೊಬೈಲುಗಳ ಮೇಲೆ ಕಣ್ಣಿಟ್ಟು ಕುಳಿತಿರುವ ಜಾಲತಾಣ ನಿಗಾ ಕೋಶದ ಮಾನ್ಯ ಅಧಿಕಾರಿಗಳೇ,

ನಮ್ಮೂರ ಪ್ರಾಥಮಿಕ ಶಾಲೆಯಲ್ಲಿ ಹದಿನಾಲ್ಕು ವರ್ಷಗಳಿಂದ ಬಿಸಿಯೂಟ ಬೇಯಿಸುತ್ತಿರುವ ಕಸ್ತೂರೆವ್ವ ಎಂಬ ಹೆಣ್ಣುಮಗಳ ಮೊಬೈಲನ್ನು ಕಳೆದ ಗುರುವಾರ ನಿಮ್ಮ ಕಚೇರಿ ಕಿತ್ತಿಟ್ಟುಕೊಂಡಿದೆ. ರಸೀದಿ ಕೊಟ್ಟಿಲ್ಲ. ಬರುವ ಸೋಮವಾರದೊಳಗೆ ಒಂದು ಮುಚ್ಚಳಿಕೆಗೆ ಸಹಿ ಹಾಕದಿದ್ದರೆ ಪ್ರಕರಣ ದಾಖಲಿಸುವುದಾಗಿ ಆಕೆಗೆ ಹೇಳಿ ಕಳಿಸಿದ್ದೀರಿ. ಆ ಮಾತು ಊರಿಗೆ ಮುಟ್ಟಿದ್ದೇ ತಡ, ಇದು ಇತ್ಯರ್ಥವಾಗುವ ತನಕ ಒಲೆಯ ಹತ್ತಿರ ಬರಬೇಡವೆಂದು ಶಾಲೆಯವರೂ ಹೇಳಿಬಿಟ್ಟರು. ಇಷ್ಟಕ್ಕೂ ಆಕೆ ಮಾಡಿದ ಅಪರಾಧವೇನು? ವಾಟ್ಸಪ್ ಗುಂಪೊಂದರ ಅಡ್ಮಿನ್ ಆಗಿದ್ದದ್ದು. ಅಡ್ಮಿನ್ ಎಂದರೇನು ಎಂಬುದು ಆಕೆಗೆ ಮೊದಲ ಬಾರಿ ತಿಳಿದದ್ದೇ ನಿಮ್ಮ ಕಚೇರಿಯ ಬೆಂಚಿನ ಮೇಲೆ.

ನಡೆದದ್ದನ್ನು ನಿಮ್ಮ ಕಡತದಲ್ಲಿ ಹೇಗೆ ಬರೆದುಕೊಂಡಿದ್ದೀರೋ ನಾನರಿಯೆ. ನಡೆದಂತೆ ನಾನು ಬರೆಯುತ್ತೇನೆ. ಶ್ರಾವಣದಲ್ಲಿ ಕೃಷ್ಣೆ ದಡ ತುಂಬಿ ಹರಿಯುತ್ತಿದ್ದ ದಿನಗಳು. ಒಂದು ಮಧ್ಯಾಹ್ನ, ನಮ್ಮ ಶಾಲೆಯಲ್ಲಿ ಓದಿದವರ ‘ನಮ್ಮ ಸಾಲಿ’ ಎಂಬ ಆ ಗುಂಪಿನಲ್ಲಿ ಇಪ್ಪತ್ತು ಸೆಕೆಂಡಿನ ವಿಡಿಯೋ ಬಂತು. ಮುರಿದ ಗೇಟಿನಿಂದ ನೀರು ನುಗ್ಗುತ್ತಿದೆ, ಯಾರೋ ಅರಚುತ್ತಿದ್ದಾರೆ, ಕೆಳಗೆ ‘ಆಲಮಟ್ಟಿ ಗೇಟ್ ಹೋತು, ಹೊಳಿ ದಂಡಿಯವರು ಓಡ್ರಿ’ ಎಂಬ ಬರಹ. ಯಾವ ಗೇಟೂ ಹೋಗಿರಲಿಲ್ಲ. ವಿಡಿಯೋ ಬೇರೆ ರಾಜ್ಯದ್ದು. ಹಿಂದೆ ಕಾಣುವ ಫಲಕದ ಲಿಪಿಯೇ ನಮ್ಮದಲ್ಲ. ಆದರೆ ಜನ ಫಲಕ ನೋಡಲಿಲ್ಲ, ನೀರು ನೋಡಿದರು. ದನಕರು ಬಿಚ್ಚಿಕೊಂಡು ಶಾಲೆಯ ದಿಬ್ಬಕ್ಕೆ ಓಡಿ ಬಂದರು. ಓಡುವಾಗ ಒಬ್ಬ ಮುದುಕಿ ಬಿದ್ದು ಕೈ ಮುರಿದುಕೊಂಡಳು. ಸುಳ್ಳು ಸುದ್ದಿ ತಮಾಷೆಯ ವಸ್ತುವಲ್ಲವೆಂಬುದನ್ನು ಆ ದಿಬ್ಬದ ಮೇಲೆ ನಿಂತು ಕಂಡಿದ್ದೇನೆ. ಅದನ್ನು ನೀವು ನನಗೆ ಕಲಿಸಬೇಕಾಗಿಲ್ಲ.

ಆ ವಿಡಿಯೋ ಹಾಕಿದವನು ಮುದ್ದೇಬಿಹಾಳದಲ್ಲಿ ಝೆರಾಕ್ಸ್ ಅಂಗಡಿ ಇಟ್ಟಿರುವ ಹೃಷೀಕೇಶ, ನನ್ನ ಹಳೆಯ ವಿದ್ಯಾರ್ಥಿ. ಅರ್ಧ ಗಂಟೆಯಲ್ಲಿ ಅಳಿಸಿ ಕ್ಷಮೆಯನ್ನೂ ಕೇಳಿದ. ಯಾಕಪ್ಪಾ ಹೀಗೆ ಮಾಡಿದೆ ಎಂದರೆ, “ಹೆಂಗ ಬಂತು ಹಂಗ ಮುಂದ ದಬ್ಬೇನ್ರಿ ಗುರುಗಳ” ಎಂದ. ಅವನಿಗೆ ಅದು ಎಲ್ಲಿಂದ ಬಂತು, ಅವರಿಗೆ ಎಲ್ಲಿಂದ ಬಂತು ಎಂದು ಎಳೆ ಹಿಡಿದು ಹೋಗಬಹುದಿತ್ತು. ಅದಕ್ಕಾಗಿಯೇ ಯಂತ್ರಗಳಿವೆ, ತರಬೇತಾದ ಸಿಬ್ಬಂದಿ ಇದ್ದಾರೆ ಎಂದು ಪತ್ರಿಕೆಗಳಲ್ಲಿ ಹೇಳಿಕೊಂಡವರು ನೀವೇ ಅಲ್ಲವೇ? ಹೃಷೀಕೇಶನನ್ನು ಹುಡುಕಲು ಯಂತ್ರವೂ ಬೇಕಿರಲಿಲ್ಲ. ಅವನ ಅಂಗಡಿ ನಿಮ್ಮ ಕಚೇರಿಯ ಎದುರು ಓಣಿಯಲ್ಲಿದೆ. ನಿಮ್ಮ ಮುಚ್ಚಳಿಕೆಯ ಪ್ರತಿಗಳು ಝೆರಾಕ್ಸ್ ಆಗುವುದೂ ಅಲ್ಲಿಯೇ. ಸುಳ್ಳು ಹರಡಿದವನು ಮುಚ್ಚಳಿಕೆಯ ನಕಲು ತೆಗೆದುಕೊಡುತ್ತಾನೆ, ಅಡುಗೆ ಮಾಡುವವಳು ಅದಕ್ಕೆ ಸಹಿ ಮಾಡಬೇಕು. ಕಾರ್ಯವಿಭಜನೆ ಅಚ್ಚುಕಟ್ಟಾಗಿದೆ.

ನಿಮ್ಮ ಸುತ್ತೋಲೆಯನ್ನು ಮೂರು ಬಾರಿ ಓದಿದ್ದೇನೆ. ಅದು ನಮಗೆ ತಲುಪಿದ್ದೂ ವಾಟ್ಸಪ್ಪಿನಲ್ಲಿಯೇ. ಕಡತದ ಸಂಖ್ಯೆಯಿಲ್ಲ, ದಿನಾಂಕವಿಲ್ಲ, ಯಾರ ಸಹಿಯೂ ಇಲ್ಲ. ಹಲವು ಬಾರಿ ಫಾರ್ವರ್ಡ್ ಆಗಿದೆ ಎಂಬ ಗುರುತು ಮಾತ್ರ ಅದರ ನೆತ್ತಿಯ ಮೇಲಿತ್ತು. ಮೂಲ ತಿಳಿಯದ ಸಂದೇಶಗಳನ್ನು ನಂಬಕೂಡದೆಂದು ಮೂಲ ತಿಳಿಯದ ಸಂದೇಶದ ಮುಖಾಂತರ ಆಜ್ಞಾಪಿಸಿದ ಕಚೇರಿಯನ್ನು ನನ್ನ ಎಪ್ಪತ್ತೊಂದು ವರ್ಷದ ಆಯುಷ್ಯದಲ್ಲಿ ಕಂಡಿರಲಿಲ್ಲ. ನಿಮ್ಮ ಆಜ್ಞೆಯನ್ನು ಪಾಲಿಸಬೇಕಾದರೆ ನಿಮ್ಮ ಆಜ್ಞೆಯನ್ನೇ ಮೊದಲು ಅಳಿಸಬೇಕಿತ್ತು. ಬಸ್ ನಿಲ್ದಾಣದ ಕಟ್ಟೆಯ ಮೇಲೆ ನಾಲ್ಕು ದಿನ ಇದೇ ಚರ್ಚೆ ನಡೆಯಿತು: ಇದು ಖರೆಯೋ, ಇದೂ ಯಾರೋ ದಬ್ಬಿದ್ದೋ?

ಅದರಲ್ಲಿ ಬರೆದಿರುವುದೇನು? ಗುಂಪಿನಲ್ಲಿ ಬರುವ ಸಕಲ ಸಂದೇಶಗಳಿಗೂ ಅಡ್ಮಿನ್ ಸಂಪೂರ್ಣ ಹೊಣೆಗಾರ. ದೂರು ಬಂದಲ್ಲಿ ಮೊದಲು ಅಡ್ಮಿನ್‌ನನ್ನು ಕರೆಸತಕ್ಕದ್ದು. ಯಾವ ಕಾಯ್ದೆಯ ಯಾವ ಕಲಮಿನ ಮೇರೆಗೆ? ಬೇರೊಬ್ಬರು ಹಾಕಿದ ಸಂದೇಶಕ್ಕೆ, ಅಡ್ಮಿನ್ ಎಂಬ ಒಂದೇ ಕಾರಣದಿಂದ ಯಾರೂ ಅಪರಾಧಿಯಾಗುವುದಿಲ್ಲವೆಂದು ಈ ದೇಶದ ಒಂದಕ್ಕಿಂತ ಹೆಚ್ಚು ಉಚ್ಚ ನ್ಯಾಯಾಲಯಗಳು ಹೇಳಿ ವರ್ಷಗಳೇ ಉರುಳಿವೆ. ಆ ಸುದ್ದಿ ನಿಮ್ಮ ಗುಂಪಿಗೆ ಇನ್ನೂ ಫಾರ್ವರ್ಡ್ ಆಗಿಲ್ಲವೇ? ವಸ್ತುವೊಂದನ್ನು ವಶಕ್ಕೆ ಪಡೆದರೆ ಅದನ್ನು ಪಟ್ಟಿಯಲ್ಲಿ ಕಾಣಿಸಿ ಪ್ರತಿ ಕೊಡಬೇಕೆಂಬುದು ಹಳೆಯ ಕಾನೂನಿನಲ್ಲಿಯೂ ಇತ್ತು, ಹೊಸದರಲ್ಲಿಯೂ ಇದೆ. ಪಟ್ಟಿ ಎಲ್ಲಿ ಎಂದು ಕೇಳಿದವರಿಗೆ ನಿಮ್ಮ ಸಿಬ್ಬಂದಿ ಕೊಟ್ಟ ಉತ್ತರ: “ಮ್ಯಾಲಿಂದ ಹಂಗ ಹೇಳ್ಯಾರ.” ಮೇಲೆ ಎಂದರೆ ಎಲ್ಲಿ, ಮಾನ್ಯರೇ? ನಿಮ್ಮ ಕಚೇರಿಗೆ ಮೇಲಂತಸ್ತೇ ಇಲ್ಲ.

ಮೂವತ್ತನಾಲ್ಕು ವರ್ಷ ಪಾಠ ಹೇಳಿದವನು ನಾನು. ಬೋರ್ಡಿನ ಕಡೆ ತಿರುಗಿ ಬರೆಯುವಾಗ ಹಿಂದಿನ ಬೆಂಚಿನಿಂದ ಸೀಮೆಸುಣ್ಣದ ತುಂಡು ಹಾರಿ ಬಂದರೆ ಎಸೆದವನನ್ನು ಹುಡುಕುವುದು ಕಷ್ಟ. ಮಾನಿಟರನ ಕಿವಿ ಮಾತ್ರ ಕೈಗೆ ಹತ್ತಿರವಿರುತ್ತದೆ. ಕೆಲಸಕ್ಕೆ ಸೇರಿದ ಮೊದಲ ವರ್ಷ ಒಮ್ಮೆ ಹಾಗೆ ಮಾನಿಟರನ ಕಿವಿ ಹಿಂಡಿದೆ. ಮರುದಿನದಿಂದ ಇಡೀ ತರಗತಿಯಲ್ಲಿ ಮಾನಿಟರ್ ಆಗಲು ಒಬ್ಬ ಹುಡುಗನೂ ಒಪ್ಪಲಿಲ್ಲ. ಸುಣ್ಣದ ತುಂಡುಗಳು ಮಾತ್ರ ಹಾರುತ್ತಲೇ ಇದ್ದವು. ಇಪ್ಪತ್ತಮೂರನೆಯ ವಯಸ್ಸಿನಲ್ಲಿ ನನಗೆ ತಿಳಿದ ಈ ಸಂಗತಿ ಒಂದು ಕೋಶಕ್ಕೆ ಕೋಶವೇ ಕುಳಿತು ಯೋಚಿಸಿದರೂ ಹೊಳೆಯದೆ ಹೋಯಿತೇ?

ಇನ್ನು ಆ ಗುರುವಾರದ ವಿಷಯ. ಕಸ್ತೂರೆವ್ವನನ್ನು ನಿಮ್ಮಲ್ಲಿಗೆ ಕರೆತಂದವನು ಆಟೋ ಓಡಿಸುವ ಮೈಬೂಬ, ಅವನೂ ನನ್ನ ಕೈಯಲ್ಲಿ ಕಲಿತವನು. ಬಾಗಿಲಲ್ಲಿ ನಿಂತು ಎಲ್ಲವನ್ನೂ ಕಂಡಿದ್ದಾನೆ. ಬೆಂಚಿನ ಮೇಲೆ ಆಗಲೇ ಆರು ಮಂದಿ ಅಡ್ಮಿನ್ನರು ಕುಳಿತಿದ್ದರಂತೆ. ಒಬ್ಬ ಭಜನಾ ಮೇಳದ ಗುಂಪಿನವನು, ಇನ್ನೊಬ್ಬ ಕುರಿ ವ್ಯಾಪಾರದ ಗುಂಪಿನವನು. ನಿಮ್ಮ ಸಿಬ್ಬಂದಿ ಎರಡು ಪುಟದ ಕಾಗದವನ್ನು ಆಕೆಯ ಮುಂದೆ ತಳ್ಳಿದರು.

“ಏ ಯವ್ವಾ, ಇಲ್ಲಿ ಸಹಿ ಮಾಡು, ಲಗೂನ.”

“ಓದಿ ಮಾಡ್ತೇನ್ರಿ.”

“ಎರಡ ಪಾನ ಐತಿ. ಓದಕೋತ ಕುಂತ್ರ ಸಂಜಿ ಆಕ್ಕೈತಿ.”

“ಆಗ್ಲಿ ಬಿಡ್ರಿ. ಸಂಜಿತನಕ ಕಚೇರಿ ತೆರದಿರ್ತೈತೆಲ್ರಿ?”

ಕುರಿ ಗುಂಪಿನವನು ಗಟ್ಟಿಯಾಗಿ ನಕ್ಕನಂತೆ. ಆಕೆ ನಗಲಿಲ್ಲ. ಸಾಲಿನ ಕೆಳಗೆ ಬೆರಳಿಟ್ಟು, ಒಂದೊಂದೇ ಪದವನ್ನು ಬಾಯಿಬಿಟ್ಟು ಓದತೊಡಗಿದಳು. ನಾಲ್ಕನೇ ಇಯತ್ತೆಯ ನಂತರ ಶಾಲೆ ಬಿಡಿಸಲ್ಪಟ್ಟ ಹುಡುಗಿ ಆಕೆ. ‘ಸದರಿ’, ‘ಮೇಲ್ಕಾಣಿಸಿದ’, ‘ಬಾಧ್ಯಸ್ಥಳು’ ಎಂಬ ನಿಮ್ಮ ಕಲ್ಲುಗಳನ್ನು ಒಂದೊಂದಾಗಿ ಎಡವಿ ದಾಟುತ್ತ, ಎರಡನೇ ಪುಟದ ನಡುವೆ ಬೆರಳು ನಿಲ್ಲಿಸಿದಳು. ಅಲ್ಲಿ ಹೀಗೆ ಅಚ್ಚಾಗಿತ್ತು: “ಸದರಿ ಗುಂಪನ್ನು ನಾನೇ ರಚಿಸಿ ನಿರ್ವಹಿಸುತ್ತಿದ್ದು, ಸದರಿ ಸುದ್ದಿಯು ನನ್ನ ಸಮ್ಮತಿಯಿಂದಲೇ ಪ್ರಸಾರವಾಗಿರುತ್ತದೆ.”

“ಇದು ಸುಳ್ಳೈತ್ರಿ,” ಎಂದಳು. “ಗುಂಪ ನಾ ಕಟ್ಟಿಲ್ರಿ. ಸಮ್ಮತಿ ನನ್ನ ಯಾರೂ ಕೇಳಿಲ್ರಿ.”

“ಎಲ್ಲಾರಿಗೂ ಹಂಗ ಇರ್ತೈತಿ ಯವ್ವಾ. ಫಾರ್ಮ್ಯಾಟ್ ಅದು.”

“ಫಾರ್ಮ್ಯಾಟಿನ್ಯಾಗ ಸುಳ್ಳ ಬರೀಬಹುದೇನ್ರಿ?”

ಮಾನ್ಯರೇ, ಈ ಪ್ರಶ್ನೆಗೆ ಉತ್ತರ ನೀವಾದರೂ ಕೊಡುತ್ತೀರಾ? ಸುಳ್ಳು ಸುದ್ದಿಯನ್ನು ನಿರ್ಮೂಲ ಮಾಡಲೆಂದೇ ಹುಟ್ಟಿದ ಕಚೇರಿಯೊಂದು ಸುಳ್ಳನ್ನು ಮೊದಲೇ ಅಚ್ಚು ಹಾಕಿಸಿ, ಕಟ್ಟು ಕಟ್ಟಿ ಇಟ್ಟುಕೊಂಡು, ಬಂದ ಬಂದವರಿಂದ ಸಹಿ ಮಾಡಿಸಿಕೊಳ್ಳುತ್ತಿದೆ. ಹೃಷೀಕೇಶನ ಸುಳ್ಳು ಅರ್ಧ ಗಂಟೆ ಬದುಕಿತ್ತು. ನಿಮ್ಮದು ಕಡತ ಸೇರಿ ನೂರು ವರ್ಷ ಬದುಕುತ್ತದೆ. ಬೆಂಚಿನ ಮೇಲಿದ್ದ ಉಳಿದ ಆರೂ ಮಂದಿ ಓದದೆಯೇ ಸಹಿ ಮಾಡಿದರಂತೆ. ಅವರಲ್ಲಿ ಇಬ್ಬರು ಪದವೀಧರರು.

ಆಗ ನಿಮ್ಮ ಸಿಬ್ಬಂದಿ ದನಿ ಮೆತ್ತಗೆ ಮಾಡಿ ಕೇಳಿದರು: “ಹಂಗಾರ ಗ್ರೂಪ್ ಯಾರ ಮಾಡ್ಯಾರ? ಹೆಸರ ಹೇಳು, ಈಗಿಂದೀಗ ಫೋನ್ ಕೊಟ್ಟ ಕಳಸ್ತೇನಿ.”

 “ನೆನಪಿಲ್ರಿ,” ಎಂದಳು ಕಸ್ತೂರೆವ್ವ.

ಮೊಬೈಲು ನಿಮ್ಮ ಕಪಾಟಿಗೆ ಹೋಯಿತು. ಆಕೆ ಬರಿಗೈಯಲ್ಲಿ ಆಟೋ ಹತ್ತಿದಳು.

ಇಷ್ಟು ಹೊತ್ತು ನಿಮ್ಮನ್ನು ನಿಲ್ಲಿಸಿ ಕೇಳಿದೆ. ಈಗ ನಾನು ನಿಲ್ಲಬೇಕಾದ ಜಾಗಕ್ಕೆ ಬರುತ್ತೇನೆ. ‘ನಮ್ಮ ಸಾಲಿ’ ಗುಂಪನ್ನು ಕಟ್ಟಿದವನು ನಾನು. ಎರಡು ವರ್ಷದ ಹಿಂದೆ, ನನ್ನ ಹಳೆಯ ವಿದ್ಯಾರ್ಥಿಗಳನ್ನು ಒಂದೊಂದೇ ನಂಬರು ಹುಡುಕಿ ಸೇರಿಸಿ, ನೂರಾ ನಲವತ್ತಮೂರು ಮಂದಿಯ ಹಾಜರಿ ತುಂಬಿಸಿದವನು. ನಿಯಮಗಳನ್ನು ಬರೆದವನೂ ನಾನೇ: ಕನ್ನಡದಲ್ಲಿಯೇ ಬರೆಯತಕ್ಕದ್ದು, ಮೂಲ ತಿಳಿಯದ್ದನ್ನು ಹಾಕತಕ್ಕದ್ದಲ್ಲ, ಬೆಳಗಿನ ಶುಭಾಶಯದ ಹೂವಿನ ಚಿತ್ರಗಳು ನಿಷಿದ್ಧ. ಹೃಷೀಕೇಶ ಒಂದೇ ದಿನ ಒಂಬತ್ತು ಹೂವು ಹಾಕಿದ. ನಾನು ಗುಂಪಿನಲ್ಲಿಯೇ ಗದರಿಸಿದೆ. “ಗುರುಗಳ, ಇದು ಸಾಲಿ ಅಲ್ರಿ, ಗ್ರೂಪ್ರಿ” ಎಂದು ಅವನು ಬರೆದ. ಹದಿನೇಳು ಮಂದಿ ನಗುವ ಮುಖ ಒತ್ತಿದರು. ಎಣಿಸಿದ್ದೇನೆ, ಹದಿನೇಳು. ಆ ಕ್ಷಣವೇ ಗುಂಪು ಬಿಟ್ಟು ಹೊರಬಂದೆ.

ತರಗತಿಯಿಂದ ಮಾಸ್ತರ ಎದ್ದು ಹೋದರೆ ಕುರ್ಚಿ ಖಾಲಿ ಇರುತ್ತದೆಂದು ತಿಳಿದಿದ್ದೆ. ವಾಟ್ಸಪ್ಪಿನಲ್ಲಿ ಕುರ್ಚಿ ಖಾಲಿ ಬಿಡುವ ಪದ್ಧತಿಯಿಲ್ಲವಂತೆ. ಇದ್ದ ಒಬ್ಬನೇ ಅಡ್ಮಿನ್ ಹೊರನಡೆದರೆ, ಉಳಿದವರಲ್ಲಿ ಯಾರನ್ನೋ ಅದು ತಾನಾಗಿಯೇ ಅಡ್ಮಿನ್ ಮಾಡುತ್ತದೆ. ಕೇಳುವುದಿಲ್ಲ, ಒಪ್ಪಿಗೆ ಪಡೆಯುವುದಿಲ್ಲ. ಹಾಗೆ ಕುರ್ಚಿಗೆ ಬಿದ್ದವಳು ಕಸ್ತೂರೆವ್ವ. ನೀವೀಗ ಅಡ್ಮಿನ್ ಎಂದು ಆಕೆಯ ಮೊಬೈಲಿನಲ್ಲಿ ಇಂಗ್ಲಿಷಿನಲ್ಲಿ ಒಂದು ಸಾಲು ಬಂತು.

ಆ ಸಾಲನ್ನು ಹಿಡಿದುಕೊಂಡು ಆಕೆ ನನ್ನ ಮನೆಗೇ ಬಂದಿದ್ದಳು. ಇದನ್ನು ಬರೆಯಲು ಲೇಖನಿ ಹಿಂಜರಿಯುತ್ತಿದೆ, ಆದರೂ ಬರೆಯುತ್ತೇನೆ. ಶಾಲೆಯ ಪಾತ್ರೆ ತೊಳೆದ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತ, “ಗುರುಗಳ, ನನ್ನ ಫೋನಿನ್ಯಾಗ ಏನೋ ಬಂದೈತ್ರಿ. ಆ ಸಾಲಿ ಗುಂಪಿಂದು. ಒಂದೀಟ ಓದಿ ಹೇಳ್ರಿ,” ಎಂದಳು.

“ಆ ಗುಂಪಿನ ಸುದ್ದಿ ನನ್ನ ಮುಂದ ತೆಗೀಬ್ಯಾಡ,” ಎಂದೆ. ಪತ್ರಿಕೆಯಿಂದ ತಲೆ ಎತ್ತಲಿಲ್ಲ.

“ಆತ್ರಿ,” ಎಂದು ಹೋದಳು. ಕಾಗದ ಓದದೆ ಎಲ್ಲಿಯೂ ಸಹಿ ಮಾಡಬೇಡವೆಂದು ನಾಲ್ಕನೇ ಇಯತ್ತೆಯಲ್ಲಿ ಆಕೆಗೆ ಕಲಿಸಿದವನು, ಆಕೆಯೇ ಓದಲು ತಂದದ್ದನ್ನು ಓದಿಕೊಡಲಿಲ್ಲ. ಓದಲು ಬೇಕಾಗಿದ್ದದ್ದು ಒಂದು ಸಾಲು. ಓದಿದ್ದರೆ ಅಂದೇ ಆಕೆಯನ್ನು ಆ ಕುರ್ಚಿಯಿಂದ ಇಳಿಸುತ್ತಿದ್ದೆ.

ಗುರುವಾರದ ಸಂಗತಿಯನ್ನು ಮೈಬೂಬ ನನ್ನ ಮನೆಯ ಮುಂದೆ ಆಟೋ ನಿಲ್ಲಿಸಿ ಹೇಳಿದ. ಕೆಳಗಿಳಿಯಲೂ ಇಲ್ಲ. “ನಾಕನೇ ಇಯತ್ತೆದಾಗ ನೀವು ಹೇಳಿದ ಮಾತು ಅಕಿಗಿ ನೆನಪೈತ್ರಿ. ಎರಡ ವರ್ಷದ ಹಿಂದ ಗುಂಪ ಕಟ್ಟಿದವರು ನೆನಪಿಲ್ಲಂದ್ಳು. ಹೆಂಗ ಮರೀತಾಳ್ರಿ?” ಎಂದು ಕೇಳಿದ. ಗಾಡಿ ತಿರುಗಿಸಿಕೊಂಡು ಹೋದ.

ಗುಂಪಿನ ವಿವರದ ಪುಟದಲ್ಲಿ ಅದನ್ನು ಕಟ್ಟಿದವನ ನಂಬರು ಕಾಣುತ್ತದೆಂದು ಮರುದಿನ ಹೃಷೀಕೇಶನೇ ಅವನ ಮೊಬೈಲಿನಲ್ಲಿ ನನಗೆ ತೋರಿಸಿದ. ಆಕೆಯ ಮೊಬೈಲು ಗುರುವಾರದಿಂದ ನಿಮ್ಮ ಕಪಾಟಿನಲ್ಲಿದೆ. ಪರಿಶೀಲನೆಗೆಂದು ಇಟ್ಟುಕೊಂಡಿರಲ್ಲ, ಇಷ್ಟನ್ನಾದರೂ ಪರಿಶೀಲಿಸಿದ್ದೀರಾ? ಒಂದು ಪುಟ ತೆರೆದಿದ್ದರೆ ನನ್ನ ಮನೆಯ ಬಾಗಿಲು ತಟ್ಟುತ್ತಿದ್ದಿರಿ. ಓದುವುದು ನಿಮಗೂ ಬೇಡವಾಯಿತು, ನನಗೂ ಬೇಡವಾಯಿತು. ಓದಿದವಳು ಆಕೆಯೊಬ್ಬಳೇ, ಶಿಕ್ಷೆ ಆಕೆಗೆ.

ಆದಕಾರಣ ಕೇಳಿ. ಸೋಮವಾರ ಬೆಳಿಗ್ಗೆ ಹತ್ತಕ್ಕೆ ನಿಮ್ಮ ಕಚೇರಿಗೆ ಬರುತ್ತೇನೆ. ಕಸ್ತೂರೆವ್ವನ ಮೊಬೈಲನ್ನು ಆಕೆಯ ಕೈಗೆ ಕೊಡಿ. ಆಕೆಯ ಮೇಲೆ ಯಾವ ಪ್ರಕರಣವೂ ಇಲ್ಲವೆಂದು, ಸಂಖ್ಯೆ, ದಿನಾಂಕ, ಸಹಿ, ಮುದ್ರೆಗಳ ಸಹಿತ ಶಾಲೆಗೆ ಪತ್ರ ಬರೆಯಿರಿ. ದಯವಿಟ್ಟು ಅದನ್ನು ಫಾರ್ವರ್ಡ್ ಮಾಡಬೇಡಿ, ಅಂಚೆಯಲ್ಲಿ ಕಳಿಸಿ. ಸುತ್ತೋಲೆಯನ್ನು ಹಿಂಪಡೆಯಿರಿ. ಗುಂಪು ಕಟ್ಟಿದವನೇ ಹೊಣೆ ಎಂದು ಆನಂತರವೂ ನಿಮಗೆ ಅನ್ನಿಸುವುದಾದರೆ, ಆ ಬೆಂಚಿನ ಮೇಲೆ ನಾನು ಕೂರುತ್ತೇನೆ. ನಿಮ್ಮ ಮುಚ್ಚಳಿಕೆಯನ್ನು ನನ್ನ ಮುಂದಿಡಿ. ಬೆರಳಿಟ್ಟು, ಬಾಯಿಬಿಟ್ಟು, ಸಂಜೆಯ ತನಕ ಓದುತ್ತೇನೆ. ಅದರಲ್ಲಿ ಒಂದು ಸುಳ್ಳು ಇದ್ದರೂ ಸಹಿ ಮಾಡುವುದಿಲ್ಲ.

ಕಸ್ತೂರೆವ್ವ ನಿಮ್ಮ ಕಚೇರಿಯಲ್ಲಿ ಒಂದೇ ಒಂದು ಸುಳ್ಳು ಹೇಳಿದ್ದಾಳೆ. ನೆನಪಿಲ್ಲ ಎಂದಳಲ್ಲ, ಅದು. ಕೆಂಪು ಶಾಯಿಯಲ್ಲಿ ಮಕ್ಕಳ ತಪ್ಪು ತಿದ್ದುತ್ತ ಆಯುಷ್ಯ ಸವೆಸಿದವನು ಆಕೆಯ ಆ ಉತ್ತರವನ್ನು ಇಲ್ಲಿ, ಎಲ್ಲರೂ ಓದುವಂತೆ, ತಿದ್ದುತ್ತಿದ್ದೇನೆ. ಆಕೆ ಬಿಟ್ಟ ಜಾಗದಲ್ಲಿ ಕೆಳಗಿನ ಹೆಸರನ್ನು ತುಂಬಿಕೊಳ್ಳಿ.

ಇಂತಿ,
ನೂರಾ ನಲವತ್ತಮೂರು ಮಂದಿಗೆ ನಿಯಮ ಬರೆದು, ಒಂದು ಸಾಲು ಓದಿಕೊಡಲಾರದೆ ಹೋದ
ಚಂದಪ್ಪ ಸಿದ್ಧರಾಮ ಪೂಜಾರಿ
ನಿವೃತ್ತ ಮುಖ್ಯೋಪಾಧ್ಯಾಯ, ಮುದ್ದೇಬಿಹಾಳ ತಾಲ್ಲೂಕು