ಲೆಕ್ಕಕ್ಕೆ ಮಿಕ್ಕಿದ ಕತ್ತಿ

ಸೆಕಿ
ಶೋವಾ 53 (1978), ಜೂನ್ 18, ಭಾನುವಾರ

ಫುಸಾಕೊ ಅಕ್ಕನಿಗೆ ತಂಗಿ ಯಾಸುಯೆ ತಲೆಬಾಗಿ ಬರೆಯುವುದು,

ಇಲ್ಲಿ ಮಳೆ ಹಿಡಿದಿದೆ. ಅಪ್ಪನ ಮೊಣಕಾಲು ರೇಡಿಯೊಗಿಂತ ಮೊದಲೇ ಆ ಸುದ್ದಿ ಕೊಟ್ಟಿತ್ತು. ನಗೋಯಾದಲ್ಲಿ ನೀವೆಲ್ಲ ಕ್ಷೇಮವೆಂದು ತಿಳಿದಿದ್ದೇನೆ.

ಈ ವಾರ ನೀನು ಫೋನ್ ಮಾಡಿದಾಗಲೆಲ್ಲ ಅಪ್ಪ ಸ್ನಾನ ಮಾಡುತ್ತಿದ್ದಾರೆ ಎಂದೆ. ಯಾವ ಮನುಷ್ಯನೂ ಅಷ್ಟು ಸ್ನಾನ ಮಾಡುವುದಿಲ್ಲವೆಂದು ನಿನಗೂ ಹೊಳೆದಿರಬೇಕು. ಅಪ್ಪ ನನ್ನ ಪಕ್ಕದಲ್ಲೇ ಕೂತು, ಇಲ್ಲವೆನ್ನು, ಇಲ್ಲವೆನ್ನು ಎಂದು ಕೈಯಾಡಿಸುತ್ತಿದ್ದರು. ನನಗೂ ಅದೇ ಬೇಕಿತ್ತು. ಫೋನಿನಲ್ಲಾದರೆ ನೀನು ನಡುವೆ ಬಾಯಿ ಹಾಕುತ್ತೀ. ಪತ್ರದಲ್ಲಿ ಕೊನೆಯ ಸಾಲಿನವರೆಗೂ ನಾನೇ ಮಾತಾಡಬಹುದು. ನಮ್ಮಿಬ್ಬರ ಜೀವಮಾನದಲ್ಲಿ ಇಂಥ ಅವಕಾಶ ನನಗೆ ಹೆಚ್ಚು ಸಿಕ್ಕಿಲ್ಲ.

ಮೊದಲೇ ಹೇಳಿಬಿಡುತ್ತೇನೆ: ನಿನ್ನ ಮಗಳು ಚಿಕಾಕೊಳ ಸಂಬಂಧ ಮುರಿದಿಲ್ಲ. ಆದರೆ ಕತ್ತಿ ಹೋಯಿತು. ಈಗ ಕೂತುಕೊಂಡು ಓದು.

ನಿಶ್ಚಿತಾರ್ಥದ ದಿನ ಅಪ್ಪನ ಕತ್ತಿ ನಿಮ್ಮ ಮನೆಯ ನಡುಕೋಣೆಯಲ್ಲಿ ಕಾಣುವಂತೆ ಇರಲೇಬೇಕು, ಹುಡುಗನ ಅಜ್ಜ ಕುಜೆಯವರು ಸೇನೆಯಲ್ಲಿ ಕರ್ನಲ್ ಆಗಿದ್ದವರು, ಅವರ ಮುಂದೆ ಮೇಜರನ ಮಕ್ಕಳಾದ ನಾವು ಕಡಿಮೆಯಾಗಬಾರದು ಎಂದು ನೀನು ಬರೆದಿದ್ದೆಯಲ್ಲ? ಆ ಪತ್ರವನ್ನು ಅಪ್ಪನಿಗೆ ಓದಿ ಹೇಳಿದೆ. ಅಟ್ಟದಲ್ಲಿ ಇಲಿ ಇವೆ, ಏಣಿ ಮುರಿದಿದೆ, ನಿನಗೆ ವಯಸ್ಸಾಯಿತು ಎಂದು ಒಂದೊಂದೇ ನೆಪ ತೆಗೆದರು. ನಲವತ್ತಮೂರಕ್ಕೆ ವಯಸ್ಸಾಯಿತೆಂದರೆ ಯಾರು ಕೇಳುತ್ತಾರೆ? ಹತ್ತಿಯೇಬಿಟ್ಟೆ. ನಾವು ಹುಡುಗಿಯರಾಗಿದ್ದಾಗ ಅಮ್ಮ ಏನೆಂದು ಕೇಳಲೂ ಬಿಡದ ಆ ಉದ್ದನೆಯ ಗಂಟು, ಸೊಳ್ಳೆಪರದೆಯ ಚಿಂದಿಯಲ್ಲಿ ಸುತ್ತಿಕೊಂಡು ಹಾಗೇ ಬಿದ್ದಿತ್ತು. ಬಿಚ್ಚಿದೆ. ಹಿಡಿಯ ಮೇಲೆ ರೇಷ್ಮೆ ದಾರದ ಹೆಣಿಗೆ, ಹಿತ್ತಾಳೆಯ ಕೈಕಾಪು, ಕಬ್ಬಿಣದ ಒರೆ. ನಾನೂ ಒಂದು ಗಳಿಗೆ ಮೇಜರನ ಮಗಳಾಗಿ ಬೆನ್ನು ನೆಟ್ಟಗೆ ಮಾಡಿಕೊಂಡೆ.

ಮನೆಯಲ್ಲಿ ಕತ್ತಿ ಸಿಕ್ಕಿದರೆ ಪೊಲೀಸರಿಗೆ ತಿಳಿಸಿ, ಆಮೇಲೆ ಗಿಫು ಊರಿಗೆ ಒಯ್ದು ಪರೀಕ್ಷೆ ಮಾಡಿಸಿ ನೋಂದಾಯಿಸಬೇಕು. ಕಾನೂನು ತಪ್ಪುವುದು ನಿನಗೂ ಬೇಡವಾಗಿತ್ತು. ಆದರೆ ಪರೀಕ್ಷೆಯ ದಿನ ಯಾವುದೆಂದು ನೀನು ಕುಜೆಯವರ ಮನೆಯಲ್ಲಿ ಹೇಳಿದ್ದೀ ಎಂದು ನನಗೆ ಹೇಗೆ ಗೊತ್ತಾಗಬೇಕು? ಮಂಗಳವಾರ ನಾವು ಗಿಫುವಿನಲ್ಲಿ ಬಸ್ಸಿಳಿದರೆ, ಇಸ್ತ್ರಿ ಹಾಕಿದ ಕೋಟು ತೊಟ್ಟ ಎತ್ತರದ ಮುದುಕರೊಬ್ಬರು ಕೊಡೆ ಹಿಡಿದು ನಿಂತಿದ್ದರು. ಅವರೇ ಕುಜೆ. ಮೇಜರ್ ಮಿವಾ ಅವರ ಪೂರ್ವಜರ ಕತ್ತಿಯನ್ನು ಕಣ್ಣಾರೆ ನೋಡುವ ಆಸೆಯಿಂದ ನಗೋಯಾದಿಂದ ಬೆಳಗಿನ ರೈಲಿಗೆ ಬಂದೆ ಎಂದರು. ಪೂರ್ವಜರ ಕತ್ತಿ ಎನ್ನುವುದು ನನಗೂ ಹೊಸ ಸುದ್ದಿ, ಅಕ್ಕ. ನಮ್ಮ ಪೂರ್ವಜರು ಉಗುರು ಕತ್ತರಿಗೆ ಸಾಣೆ ಹಿಡಿಯುತ್ತಿದ್ದವರು.

ಅಪ್ಪನಿಗೆ ಆ ಕ್ಷಣದಿಂದ ಕಿವಿ ಕೇಳಿಸದಾಯಿತು. ಅವರ ಕಿವುಡು ಎಷ್ಟು ವಿಧೇಯವಾದದ್ದೆಂದು ನಿನಗೆ ಗೊತ್ತು. ದಾರಿಯಲ್ಲಿ ಕುಜೆಯವರು ಬಹಳ ಮರ್ಯಾದೆಯಿಂದ ಕೇಳಿದರು:

"ಮೇಜರ್ ಅವ್ರೇ, ತಾವು ಯಾವ ರಣರಂಗದಲ್ಲಿದ್ರಿ?"

"ಮೂಲಂಗಿನಾ? ಈ ಸಲ ಚೆನ್ನಾಗಿ ಬಂದಿಲ್ಲ" ಎಂದರು ಅಪ್ಪ.

ಕುಜೆಯವರು ಇದನ್ನು ವೀರನೊಬ್ಬನ ವಿನಯವೆಂದು ತಿಳಿದು ತಲೆದೂಗಿದರು.

ಪರೀಕ್ಷೆ ನಡೆಯುವ ಕೋಣೆಯಲ್ಲಿ ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿತ್ತು. ಪರೀಕ್ಷಕರು ಕನ್ನಡಕ ಹಣೆಗೇರಿಸಿ, ನಮ್ಮ ಕತ್ತಿಯ ಹಿಡಿಯನ್ನು ಉಗುರಿನಿಂದ ತಟ್ಟಿದರು. ತಗಡಿನ ಡಬ್ಬಿ ತಟ್ಟಿದ ಹಾಗೆ ಟಣ್ ಎಂದಿತು. ಆ ರೇಷ್ಮೆ ಹೆಣಿಗೆ ರೇಷ್ಮೆಯೇ ಅಲ್ಲ. ಅಚ್ಚಿಗೆ ಸುರಿದ ಅಲ್ಯುಮಿನಿಯಂ, ಮೇಲೆ ಬಣ್ಣ. ಹಿಡಿಯನ್ನು ಹಿಡಿದಿಟ್ಟದ್ದು ಹಳೆಯ ಕತ್ತಿಗಳ ಹಾಗೆ ಬಿದಿರಿನ ಮೊಳೆಯೂ ಅಲ್ಲ, ತಿರುಪುಮೊಳೆ. ಅವರು ಒರೆಯಿಂದ ಅಲಗನ್ನು ಎಳೆದು ಬುಡದ ಹತ್ತಿರ ಬೆರಳಿಟ್ಟು ತೋರಿಸಿದರು. ಕಮ್ಮಾರನ ಹೆಸರು ಎಲ್ಲಿ ಎಂದು ಕುಜೆಯವರು ಬಗ್ಗಿ ನೋಡುತ್ತಿದ್ದರು. ಅಲ್ಲಿದ್ದದ್ದು ಒಂದು ಅಂಕೆ. ಹೊಲಿಗೆ ಯಂತ್ರಕ್ಕೆ ಇರುತ್ತದಲ್ಲ, ಅಂಥದ್ದು. ಹಿಡಿಯ ಬುಡದ ಬಳೆಯ ಮೇಲೆ ಕಾರ್ಖಾನೆಯ ಪುಟ್ಟ ಮುದ್ರೆಗಳು.

ಪರೀಕ್ಷಕರು ಒಳ್ಳೆಯ ಮನುಷ್ಯ, ಆದರೆ ಪಾಠ ಹೇಳುವ ಚಟ. ಇದು ಸಾರ್ಜೆಂಟರಿಗೆ ಸರ್ಕಾರವೇ ಕೊಡುತ್ತಿದ್ದ ಕತ್ತಿ, ಯಂತ್ರದಲ್ಲಿ ಮಾಡಿದ್ದು, ಆದ್ದರಿಂದ ನೋಂದಣಿ ಸಾಧ್ಯವಿಲ್ಲ, ಪೊಲೀಸರಿಗೆ ಒಪ್ಪಿಸಬೇಕು ಎಂದು ಹೇಳಿ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. ಅಧಿಕಾರಿಗಳು ತಮ್ಮ ಕತ್ತಿಯನ್ನು ತಾವೇ ಕೊಳ್ಳುತ್ತಿದ್ದರು, ಕೆಲವರು ಹಿಡಿಯ ತುದಿಯಲ್ಲಿ ಬೆಳ್ಳಿಯ ಮನೆಲಾಂಛನ ಕೂರಿಸುತ್ತಿದ್ದರು, ಹಿಡಿಗೆ ಕಟ್ಟುವ ಕುಚ್ಚಿನ ಬಣ್ಣ ನೋಡಿಯೇ ದರ್ಜೆ ಹೇಳಬಹುದಿತ್ತು ಎಂದು ಶುರುಮಾಡಿದರು. ಸಾರ್ಜೆಂಟಿಗೆ ಬರೀ ಕಂದು, ಲೆಫ್ಟಿನೆಂಟು ಕ್ಯಾಪ್ಟನ್ನರಿಗೆ ಕಂದಿನ ಜೊತೆ ನೀಲಿ, ಮೇಜರಿನಿಂದ ಕರ್ನಲ್‌ವರೆಗೆ ಕೆಂಪು, ಜನರಲ್ ಆದರೆ ಚಿನ್ನದ ಎಳೆಯೂ ಸೇರುತ್ತದೆ. ನಾನು ಕುಜೆಯವರ ಮುಖ ನೋಡಲಾರದೆ ನೆಲ ನೋಡಿದೆ. ಅವರು ಆಗಲೇ ಕೋಟಿನ ಜೇಬಿನ ಮೇಲೆ ಕೈ ಮುಚ್ಚಿಕೊಂಡಿದ್ದರಂತೆ, ಅಪ್ಪ ಆಮೇಲೆ ಹೇಳಿದರು.

ಕೊನೆಗೆ ಪರೀಕ್ಷಕರು, ಅಲಗಿನ ಅಂಕೆಗೂ ಒರೆಯ ಅಂಕೆಗೂ ತಾಳೆಯಾಗುತ್ತಿಲ್ಲವಲ್ಲ ಎಂದು ಹುಬ್ಬೇರಿಸಿದರು. ಆಗ ಅಪ್ಪನ ಕಿವಿ ತೆರೆಯಿತು.

"ಅದು ನನ್ನ ಕತ್ತೀನೇ ಅಲ್ಲ" ಎಂದರು. "ನಂದು ನಾನು ವಾಪಸ್ ಕೊಟ್ಟೆ. ಇದು ಹೆಚ್ಚಾಗಿದ್ದು."

ಅಕ್ಕ, ಅಪ್ಪ ಯುದ್ಧದಲ್ಲಿ ಎಲ್ಲಿದ್ದರು ಎಂದು ನಾವು ಯಾವತ್ತೂ ಸರಿಯಾಗಿ ಕೇಳಲಿಲ್ಲ, ಅಲ್ಲವೇ? ಅವರು ಈ ದೇಶ ಬಿಟ್ಟು ಹೋಗಿಯೇ ಇರಲಿಲ್ಲವಂತೆ. ಸೇನೆಯ ಒಂದು ಉಗ್ರಾಣದಲ್ಲಿ ಸಾರ್ಜೆಂಟ್. ಕತ್ತಿ, ಬೂಟು, ಕಂಬಳಿ, ಕುಚ್ಚು ಎಲ್ಲ ಅವರ ಕೈಯಿಂದಲೇ ಹೋಗುತ್ತಿದ್ದವು. ಯುದ್ಧ ಮುಗಿದು ಎಲ್ಲವನ್ನೂ ಎಣಿಸಿ ಒಪ್ಪಿಸಬೇಕಾದಾಗ ಒಂದು ಕತ್ತಿ ಲೆಕ್ಕಕ್ಕೆ ಮಿಕ್ಕಿತು. ಯಾವುದೋ ಅಲಗು, ಯಾವುದೋ ಒರೆ. ಕಡಿಮೆ ಬಿದ್ದಿದ್ದರೆ ಕಳವಾಯಿತು ಎನ್ನಬಹುದಿತ್ತು. ಹೆಚ್ಚಾದರೆ ಏನು ಹೇಳುವುದು? ಇಷ್ಟು ದಿನ ನೀನು ಬರೆದ ಲೆಕ್ಕವೆಲ್ಲ ಸುಳ್ಳು ಎನ್ನುತ್ತಾರೆ. ಅಪ್ಪ ಹೆದರಿ, ಅದನ್ನು ಸೊಳ್ಳೆಪರದೆಯ ಚಿಂದಿಯಲ್ಲಿ ಸುತ್ತಿ ಮನೆಗೆ ತಂದು ಅಟ್ಟಕ್ಕೆ ಸೇರಿಸಿದರು. ಅಂದಿನಿಂದ ಬಾಗಿಲಲ್ಲಿ ಟೋಪಿ ಹಾಕಿದವರು ಯಾರು ಬಂದರೂ, ಅಂಚೆಯವನಾದರೂ ಸರಿ, ಅಪ್ಪ ಹಿತ್ತಿಲಿಗೆ ಹೋಗುತ್ತಿದ್ದದ್ದು ಯಾಕೆಂದು ನನಗೆ ಈಗ ತಿಳಿಯಿತು.

"ಹಾಗಾದ್ರೆ ಇನ್ಮೇಲೆ ಯಾರೂ ಕೇಳ್ಕೊಂಡು ಬರಲ್ವಾ?" ಎಂದು ಅಪ್ಪ ಪರೀಕ್ಷಕರನ್ನು ಕೇಳಿದರು.

"ಇಲ್ಲ, ಅಜ್ಜಾ. ಕೇಳೋರು ಯಾರೂ ಉಳಿದಿಲ್ಲ."

ಅಪ್ಪ ಅಲ್ಲೇ ಕುರ್ಚಿ ಎಳೆದುಕೊಂಡು ಕೂತುಬಿಟ್ಟರು. ಅಮ್ಮ ಹೋದ ಮೇಲೆ ಅವರ ಕಣ್ಣು ಒದ್ದೆಯಾದದ್ದನ್ನು ನಾನು ನೋಡಿದ್ದು ಅಂದೇ. ಅಲಗನ್ನು ಪೊಲೀಸರಿಗೆ ಒಪ್ಪಿಸಿ ಬಂದೆವು. ಒರೆಯನ್ನು ಬೇಕಾದರೆ ಇಟ್ಟುಕೊಳ್ಳಿ ಎಂದರು. ಈಗ ಅದು ಹಿತ್ತಿಲಲ್ಲಿ ಟೊಮೇಟೊ ಗಿಡಕ್ಕೆ ಊರುಗೋಲಾಗಿದೆ. ಗಿಡ ಚೆನ್ನಾಗಿ ನಿಂತಿದೆ.

ಹೊರಗೆ ಬಂದಾಗ ಕುಜೆಯವರು ಕೊಡೆಯನ್ನು ಮುಂದಕ್ಕೆ ಬಾಗಿಸಿ ಮುಖ ಮರೆಸಿಕೊಂಡು ನಮ್ಮ ಜೊತೆ ನಡೆದರು. ಮುಗಿಯಿತು, ಚಿಕಾಕೊಳಿಗೆ ಬೇರೆ ಗಂಡು ನೋಡಬೇಕು, ಅಕ್ಕನಿಗೆ ಯಾವ ಬಾಯಲ್ಲಿ ಹೇಳಲಿ ಎಂದು ನಾನು ಆಗಲೇ ಮಾತು ಜೋಡಿಸತೊಡಗಿದ್ದೆ. ಮಳೆ ಜೋರಾಗಿ ಮೂವರೂ ಒಂದು ಉದೋನ್ ಶಾವಿಗೆಯ ಅಂಗಡಿಗೆ ನುಗ್ಗಿದೆವು. ಬಟ್ಟಲು ಬಂದವು. ಕುಜೆಯವರು ಬಟ್ಟಲನ್ನು ಪಕ್ಕಕ್ಕೆ ಸರಿಸಿ, ಜೇಬಿನಿಂದ ತೆಳು ಕಾಗದದ ಪೊಟ್ಟಣ ತೆಗೆದು ಅಪ್ಪನ ಮುಂದಿಟ್ಟು ಬಿಚ್ಚಿದರು. ಒಂದು ಹಳೆಯ ಕುಚ್ಚು. ತಮ್ಮ ಕತ್ತಿಯನ್ನು ಅಮೆರಿಕದವರು ತೆಗೆದುಕೊಂಡಾಗ ಅದನ್ನು ಮಾತ್ರ ಬಿಚ್ಚಿಟ್ಟುಕೊಂಡಿದ್ದರಂತೆ, ಬಣ್ಣದ ಅರ್ಥ ಇನ್ನು ಯಾರಿಗೂ ನೆನಪಿರದು ಎಂದುಕೊಂಡು ಬೀಗರಿಗೆ ಕಾಣಿಕೆಯಾಗಿ ಕೊಡಲು ತಂದಿದ್ದರಂತೆ. ಹೊರಮೈ ಕಂದು. ಒಳಮೈ ಅಚ್ಚ ನೀಲಿ.

"ಮಿವಾ ಅವ್ರೇ, ನಿಮ್ಮ ಉಗ್ರಾಣದಲ್ಲಿ ಇದನ್ನ ಯಾರಿಗೆ ಕೊಡ್ತಿದ್ರಿ?"

"ಲೆಫ್ಟಿನೆಂಟಿಗೆ" ಎಂದರು ಅಪ್ಪ, ಕಿವಿ ಶುದ್ಧವಾಗಿ ಕೇಳುತ್ತ. "ಕ್ಯಾಪ್ಟನ್‌ಗೂ ಅದೇನೇ."

"ಕ್ಯಾಪ್ಟನ್ ತನಕ ಹೋಗ್ಬೇಡಿ."

ಅಪ್ಪ ಕುಚ್ಚನ್ನು ತಿರುಗಿಸಿ ತಿರುಗಿಸಿ ನೋಡಿ, "ಕರ್ನಲ್ ಮಾಡಿದ್ಯಾರು?" ಎಂದರು.

"ನನ್ನ ಸೊಸೆ. ನಿಮ್ಮನ್ನ?"

"ದೊಡ್ಡ ಮಗಳು."

ನಾನು ಎದುರಿಗೆ ಕೂತಿದ್ದೇನೆ ಎನ್ನುವುದನ್ನೇ ಮರೆತು ಇಬ್ಬರೂ ನಗತೊಡಗಿದರು. ಅಂಗಡಿಯವಳು ಏನಾಯಿತೆಂದು ಒಳಗಿನಿಂದ ಇಣುಕಿದಳು. ಕುಜೆಯವರು ಯುದ್ಧವಿಡೀ ಸೇನೆಯ ಪಾರಿವಾಳಗಳನ್ನು ನೋಡಿಕೊಂಡಿದ್ದರಂತೆ. ಒಮ್ಮೆ ಬಹಳ ಮುಖ್ಯವಾದ ಸಂದೇಶ ಕಟ್ಟಿ ಹಾರಿಸಿದ ಹಕ್ಕಿ, ಸೇನೆಗೆ ಸೇರುವ ಮೊದಲು ತಾನಿದ್ದ ಮಿಠಾಯಿ ಅಂಗಡಿಯ ಮಾಡಿಗೆ ಹೋಗಿ ಕೂತಿತಂತೆ. ಮೇಲಧಿಕಾರಿ ಅವರನ್ನು ಬೈದ ಬೈಗುಳವನ್ನು ಅವರೇ ಅಭಿನಯಿಸಿ ತೋರಿಸಿದರು. ಅಪ್ಪ ನಕ್ಕು ನಕ್ಕು ಕೆಮ್ಮಿದರು. ಕುಚ್ಚನ್ನು ವಾಪಸು ಕೊಡಲು ಹೋದರೆ ಕುಜೆಯವರು ತೆಗೆದುಕೊಳ್ಳಲಿಲ್ಲ. ಅಪ್ಪ ಅದನ್ನು ಕೊಡೆಯ ಹಿಡಿಗೆ ಕಟ್ಟಿಕೊಂಡು ಬಂದರು.

ಬಸ್ಸಿನಲ್ಲಿ ನಾನು ಅಪ್ಪನನ್ನು ಗದರಿಸಿದೆ. ಯುದ್ಧದ ಕಾಲದಲ್ಲಿ ನೀನು ಶಾಲೆಯಲ್ಲಿ ಅವರನ್ನು ಲೆಫ್ಟಿನೆಂಟ್ ಮಾಡಿದೆ. ನಿನ್ನ ಮದುವೆಯ ಮಾತುಕತೆಯಲ್ಲಿ ಕ್ಯಾಪ್ಟನ್ ಆದರು. ಚಿಕಾಕೊ ಹುಟ್ಟುವ ಹೊತ್ತಿಗೆ ಮೇಜರ್. ಸೇನೆಯೇ ಇಲ್ಲದ ಮೇಲೆ ಇಷ್ಟು ಬಡ್ತಿ ಪಡೆದವರು ದೇಶದಲ್ಲಿ ಇನ್ನೊಬ್ಬರಿರಲಾರರು. ಒಂದು ಸಲವಾದರೂ ಬಾಯಿಬಿಟ್ಟು ಇಲ್ಲ ಎನ್ನಬಾರದಿತ್ತೇ ಎಂದೆ. ಅಪ್ಪ ಕಿಟಕಿಯ ಮಳೆ ನೋಡುತ್ತ ಹೇಳಿದ್ದನ್ನು ಹಾಗೇ ಬರೆಯುತ್ತೇನೆ:

"ಅವ್ಳ ಮದುವೆ ಹೊತ್ತಿಗೆ ನಿಮ್ಮಮ್ಮ ಇರ್ಲಿಲ್ಲ. ಆ ದೊಡ್ಡ ಮನೆಗೆ ಒಬ್ಳೇ ಹೋಗ್ಬೇಕಿತ್ತು. ಜೊತೇಲಿ ಒಬ್ಬ ಕ್ಯಾಪ್ಟನ್ ಇದ್ರೆ ಅವ್ಳಿಗೆ ಧೈರ್ಯ ಅಂತಾದ್ರೆ, ಇರ್ಲಿ ಬಿಡು ಅಂದ್ಕೊಂಡೆ."

ಕೊಡೆಯ ಕುಚ್ಚನ್ನು ಸವರುತ್ತ ಮತ್ತೆ ಹೇಳಿದರು: "ಈಗ ಇಳಿಸು ಅಂತ ಹೇಳು. ಒಂದೇ ಸಲ ಬೇಡ, ನಿಧಾನವಾಗಿ ಇಳಿಸಿದ್ರೂ ಸಾಕು."

ಇದನ್ನು ಓದಿ ನೀನು ಅಳುತ್ತೀ ಎಂದು ನನಗೆ ಗೊತ್ತು. ಅತ್ತುಕೋ. ಆಮೇಲೆ ಮುಖ ತೊಳೆದು ನಿನ್ನ ಗಂಡನಿಗೆ ಹೇಳು. ಅವರು ಕೋಪಿಸಿಕೊಳ್ಳುವುದಿಲ್ಲ, ಹೋದ ವರ್ಷ ನನ್ನ ಹತ್ತಿರ, ನಿಮ್ಮಪ್ಪ ಯಾವ ರೆಜಿಮೆಂಟು ಎಂದು ಕೇಳಿದಾಗಲೆಲ್ಲ ಅವರು ಮೂಲಂಗಿಯ ಮಾತು ತೆಗೆಯುತ್ತಾರೆ ಎಂದು ನಗುತ್ತಿದ್ದರು. ಅವರಿಗೆ ಬಹಳ ವರ್ಷದಿಂದಲೇ ಗೊತ್ತಿರಬೇಕು. ನಡುಕೋಣೆಯಲ್ಲಿ ಕತ್ತಿಯ ಜಾಗಕ್ಕೆ ಒಂದು ಹೂದಾನಿ ಇಡು. ಕುಜೆಯವರ ಗುಟ್ಟನ್ನು ಮಾತ್ರ ಅವರ ಸೊಸೆಯ ಮುಂದೆ ಬಿಡಬೇಡ. ಅವಳನ್ನು ಮಣಿಸುವ ದಿನ ಬಂದರೂ ಬಿಡಬೇಡ. ನಾಲಿಗೆ ಕಚ್ಚಿಕೋ.

ಮಳೆಯಲ್ಲಿ ಓಡಾಡಿ ನೆಗಡಿ ಮಾಡಿಕೊಳ್ಳಬೇಡ.

ಸಾರ್ಜೆಂಟ್ ಮಿವಾ ಶೋಕಿಚಿ ಅವರ ಕಿರಿಯ ಮಗಳು,
ನಿನ್ನ ತಂಗಿ
ಯಾಸುಯೆ

ಮರೆತಿದ್ದೆ: ಮಂಗಳವಾರ ಸಂಜೆ ನಾನು ಗಾಬರಿಯಲ್ಲಿ ಚಿಕಾಕೊಳಿಗೆ ಫೋನ್ ಮಾಡಿ ನಡೆದದ್ದನ್ನೆಲ್ಲ ಹೇಳಿಬಿಟ್ಟೆ. ಅವಳಿಗೆ ಅಜ್ಜಂದಿರ ವಿಷಯ ಕೇಳಿ ನಗು ಬಂತು. ಆದರೆ ಇದನ್ನು ಕೇಳಿ ನೀನು ಸಂಬಂಧವನ್ನೇ ಮುರಿದುಬಿಡುತ್ತೀ ಎಂದು ಭಯವಾಯಿತು. ಗುರುವಾರ ಅವಳೂ ಹುಡುಗ ನಾವೊಫುಮಿಯೂ ಕುಜೆಯವರನ್ನು ಕರೆದುಕೊಂಡು ಇಲ್ಲಿಗೆ ಬಂದು, ಪುರಸಭೆಯ ಕಚೇರಿಗೆ ಹೋಗಿ ಮದುವೆ ಮಾಡಿಕೊಂಡುಬಿಟ್ಟರು. ಸಾಕ್ಷಿಗೆ ಇಬ್ಬರು ಬೇಕಿತ್ತು. ಇಬ್ಬರು ಮುದುಕರೂ ತಮ್ಮ ತಮ್ಮ ಹೆಸರಿನ ಮುದ್ರೆ ಒತ್ತಿದರು, ಆಮೇಲೆ ಕುಜೆಯವರು ಎಲ್ಲರಿಗೂ ಹಾವುಮೀನಿನ ಊಟ ಹಾಕಿಸಿದರು. ಶಾಸ್ತ್ರಗಳನ್ನೆಲ್ಲ ನಿನ್ನ ಇಷ್ಟದಂತೆಯೇ ಮಾಡಿಸು, ಯಾರೂ ಏನೂ ಹೇಳುವುದಿಲ್ಲ. ಮುಂದಿನ ವಾರ ಹುಡುಗ ನಿಮ್ಮ ಮನೆಗೆ ಬಂದಾಗ ನಿನ್ನನ್ನು ಅತ್ತೆ ಎಂದು ಕರೆದರೆ, ಇಷ್ಟು ಬೇಗ ಸಲಿಗೆಯೇ ಎಂದು ಹುಬ್ಬು ಗಂಟಿಕ್ಕಬೇಡ. ನೀನು ಗುರುವಾರದಿಂದ ಅತ್ತೆಯೇ.