ಹಾಲು ಸೀದ ವಾಸನೆ

ಪ್ರೀತಿಯ ಅಮ್ಮ,

ಮೊನ್ನೆ ವಿಡಿಯೋ ಕಾಲಿನಲ್ಲಿ ನನ್ನ ಕೆಂಪು ಕಣ್ಣು ನೋಡಿ, "ಯಾವನೇ ನಿನ್ನ ಅಳಿಸಿದ್ದು?" ಎಂದು ಗದರಿದೆಯಲ್ಲ, ಅವನ ಹೆಸರು ಫಾರ್ಮಾಲಿನ್. ಹೆಣ ಕೆಡದಂತೆ ಹಾಕುವ ರಾಸಾಯನಿಕ. ಶವ ಕೊಯ್ಯುವ ತರಗತಿಯಲ್ಲಿ ನಾವೆಲ್ಲ ಅವನ ಮುಂದೆ ಅಳುವವರೇ.

ನಿನಗೆ ಹೇಳಿರಲಿಲ್ಲ, ಅವನ ಘಾಟಿಗೆ ಮೂಗು ಸತ್ತು, ಇಷ್ಟು ದಿನ ನನಗೆ ಬೇರೆ ಯಾವ ವಾಸನೆಯೂ ಗೊತ್ತಾಗುತ್ತಿರಲಿಲ್ಲ. ಸೋಪೂ ಒಂದೇ, ರೂಮಿನವಳ ಕಾಲುಚೀಲವೂ ಒಂದೇ. ನಾವು ಹಟ ಹಿಡಿದ ಮೇಲೆ, ತಾವೂ ಸೀನಿ ಸೀನಿ ಸುಸ್ತಾಗಿದ್ದ ನಮ್ಮ ಪಾಠದ ಮೇಡಂ ಶವ ಕೊಯ್ಯುವ ಕೋಣೆಗೆ ಹೊಸ ಫ್ಯಾನು ಹಾಕಿಸಿ, ತುಕ್ಕು ಹಿಡಿದ ಕಿಟಕಿಗಳನ್ನೆಲ್ಲ ತೆರೆಸಿದರು. ಈಗ ಕಣ್ಣೀರು ನಿಂತಿದೆ.

ಇವತ್ತು ಬೆಳಿಗ್ಗೆ ಹಾಸ್ಟೆಲಿನ ಮೆಟ್ಟಿಲಿಳಿಯುವಾಗ ಹಾಲು ಸೀದ ವಾಸನೆ ಗಪ್ಪನೆ ಮೂಗಿಗೆ ಬಡಿಯಿತು! "ಸೀದಿದೆ, ಸೀದಿದೆ!" ಎಂದು ಕುಣಿಯುತ್ತ ಅಡುಗೆಮನೆಗೆ ನುಗ್ಗಿದೆ.

"ಹಾಲು ಹಾಳಾಯ್ತು ಅಂತ ನನ್ ಹೊಟ್ಟೆ ಉರೀತಿದೆ, ನಿಂಗೆ ಕುಣಿತಾನಾ?" ಎಂದು ಅಡುಗೆಯಕ್ಕ ಸೌಟು ಎತ್ತಿದಳು. ವಿಷಯ ತಿಳಿದ ಮೇಲೆ ನನ್ನ ಕಣ್ಣು ಮುಚ್ಚಿಸಿ, ಏಲಕ್ಕಿ, ಕಾಫಿಪುಡಿ, ಈರುಳ್ಳಿ ಎಲ್ಲವನ್ನೂ ಮೂಗಿಗೆ ಹಿಡಿದಳು. ಒಂದೂ ತಪ್ಪದೆ ಹೇಳಿದೆ ಅಮ್ಮ!

ಒಂದು ಕೆಲಸ ಮಾಡು. ನೀನು ದಿನಾ ಹೊದೆಯುವ ಹಳೇ ಶಾಲು ಕಳಿಸು. ಇಲ್ಲಿ ಚಳಿಯೇನಿಲ್ಲ. ಆದರೆ ಒಗೆಯಬೇಡ, ಹಾಗೇ ಕಳಿಸು.

ಇಂತಿ,
ಮೂಗು ಮರಳಿ ಬಂದ ನಿನ್ನ ಮಗಳು