ನಿನ್ನ ಹೆಸರಲ್ಲಿ ಓದಿದ ನಾಲ್ಕು ಪುಸ್ತಕ

ಇವಳೇ,

ನೀನು ಹೋಗಿ ಎಂಟು ತಿಂಗಳಾದರೂ ನಿನ್ನ ಲೈಬ್ರರಿ ಕಾರ್ಡು ಜೀವಂತವಾಗಿದೆ. ನಿಜ ಹೇಳಿದರೆ ರದ್ದು ಮಾಡುತ್ತಾರಲ್ಲ, ಅದಕ್ಕೇ ನಿನಗೆ ಮಂಡಿನೋವು ಎಂದಿದ್ದೇನೆ. ಆ್ಯಸ್ ಎ ಮ್ಯಾಟರ್ ಆಫ್ ಫ್ಯಾಕ್ಟ್, ಅದು ನಿನಗೆ ಇತ್ತು ತಾನೇ? ಲೈಬ್ರರಿಯಮ್ಮ ನಿನಗೆಂದು ಹೊಸ ಪುಸ್ತಕ ಆರಿಸಿ ಕೊಟ್ಟು, ಆಮೇಲೆ ನಿನ್ನ ಅಭಿಪ್ರಾಯ ಕೇಳುತ್ತಾರೆ. ವಿಧಿಯಿಲ್ಲದೆ ನಾನೇ ಓದುತ್ತಿದ್ದೇನೆ.

ಇವತ್ತೂ ವಿಚಾರಣೆಯಾಯಿತು.

“ಇತಿಹಾಸದ್ದು ಹೇಗಿತ್ತಂತೆ, ಯಜಮಾನ್ರೇ?”

“ರಾಜರು ಜಾಸ್ತಿಯಾದ್ರಂತೆ.”

“ಅಧ್ಯಾತ್ಮ?”

“ಕೋಪ ಬಿಡ್ಬೇಕಂತೆ. ಓದ್ತಾ ಓದ್ತಾ ಹಾಲು ಉಕ್ಕಿಸಿ ಒಲೆಗೇ ಬೈದೆ... ಬೈದ್ಲು.”

“ಸಂಗೀತ?”

“ಅದನ್ನ ಓದಿದ ಮೇಲೆ ಬಚ್ಚಲಲ್ಲಿ ಹಾಡು ಶುರುವಾಗಿದೆ. ಪಕ್ಕದ ಮನೆಯವ್ರು ಕಿಟಕಿ ಮುಚ್ಕೊಂಡಿದಾರೆ.”

“ಕಾದಂಬರಿ? ಅಮ್ಮನಿಗೆ ಅದಂದ್ರೆ ಪ್ರಾಣ ಅಲ್ವಾ?”

ಕಥೆಯೇನೋ ಗೊತ್ತಿತ್ತು, ನೀನು ಏನನ್ನುತ್ತಿದ್ದೆ ಎಂಬುದು ಗೊತ್ತಿರಲಿಲ್ಲ. ನಲವತ್ತು ವರ್ಷ ನನ್ನ ಪಕ್ಕದಲ್ಲೇ ಓದಿದೆ. “ದೀಪ ಆರಿಸೇ” ಎಂದದ್ದು ಬಿಟ್ಟರೆ ನಾನು ಬೇರೇನೂ ಕೇಳಿದವನಲ್ಲ.

“ಅದಿನ್ನೂ ಮುಗಿದಿಲ್ಲ ಕಣಮ್ಮಾ,” ಎಂದೆ.

ಅವರು ನನ್ನ ಮುಖವನ್ನೇ ನೋಡಿ, ಮತ್ತೆರಡು ವಾರಕ್ಕೆ ಮುದ್ರೆ ಒತ್ತಿದರು. “ನೀವೇ ಜೋರಾಗಿ ಓದಿ ಹೇಳಿ.”

ಈಗ ಒಂದನೇ ಪುಟ ತೆರೆದು ಕೂತಿದ್ದೇನೆ. ಮಧ್ಯೆ ಬಾಯಿ ಹಾಕು, ಪರವಾಗಿಲ್ಲ.